ಬುರುಲ್ ಮನೆಯ ಹತ್ತೊಂಬತ್ತು ಡಿಗ್ರಿ

ಜನವರಿಯಲ್ಲಿ ಗಾಳಿಕಿಂಡಿ ತೆರೆದಿಡುವ ಜನರನ್ನು ಬುರುಲ್ ಯಾವತ್ತೂ ಕ್ಷಮಿಸಿದವಳಲ್ಲ. ಅದರಲ್ಲೂ ಆ ಗಾಳಿಕಿಂಡಿ ಅವಳ ವಾರಗಿತ್ತಿ ಸೋನುನ್‌ಳದ್ದಾದರೆ ಕೇಳುವುದೇ ಬೇಡ. ಹಿಮಬೆಟ್ಟಗಳ ನಡುವಿನ ನಮ್ಮ ನರಿನ್ ಊರಿನ ಶಿಶುವಿಹಾರದಲ್ಲಿ ಅಡುಗೆ ಮಾಡುವ ಬುರುಲ್ ದಿನಾ ಬೆಳಿಗ್ಗೆ ಮೊದಲ ಕಟ್ಟಡದ ಮುಂದೆಯೇ ಹಾದುಹೋಗಬೇಕು. ಹೊರಗೆ ರೆಪ್ಪೆಗೂದಲಿಗೆ ಮಂಜು ಕಟ್ಟುವ ಚಳಿ. ಮೇಲೆ ಮೂರನೇ ಮಹಡಿಯಲ್ಲಿ ಸೋನುನ್‌ಳ ಗಾಳಿಕಿಂಡಿ ಬಾಯಿ ತೆರೆದುಕೊಂಡು, ಬಿಳಿ ಪರದೆ ಹೊರಗೆ ಬಂದು ಹಾರಾಡುತ್ತಿರುತ್ತಿತ್ತು. ಒಳಗೆ ಸೆಖೆಯಂತೆ, ಸೆಖೆ! ಬುರುಲ್ ಒಂದು ಗಳಿಗೆ ನಿಂತು ಆ ಪರದೆಯನ್ನು ನೋಡುವಳು, ಮನಸ್ಸಿನಲ್ಲೇ ಒಂದಷ್ಟು ಬೈಯುವಳು, ಆಮೇಲೆ ಹೋಗಿ ಮಕ್ಕಳಿಗೆ ಗಂಜಿ ಕಾಯಿಸುವಳು.

ಹೊಟ್ಟೆಕಿಚ್ಚು ಅವಳಿಗೆ ಹೊಸದಲ್ಲ. ಮದುವೆಯಾಗಿ ಬಂದ ದಿನ ಮುಸುಕಿನ ಸಂದಿಯಿಂದ ಅವಳು ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ, ಹಿರಿಯ ಸೊಸೆಯ ಬೆಳ್ಳಿ ಓಲೆಯನ್ನು. ಆಮೇಲೆ ಆ ಓಲೆಯವಳು ಮಾಡಿದ್ದೆಲ್ಲ ಇವಳಿಗೆ ಕಣ್ಣಿಗೆ ಬಿದ್ದ ಕಸದಂತಾಯಿತು. ಸೋನುನ್‌ಗೆ ಸಾಲಾಗಿ ಗಂಡುಮಕ್ಕಳು, ಬುರುಲ್‌ಗೆ ಒಬ್ಬಳೇ ಮಗಳು, ಅವಳೂ ಮದುವೆಯಾಗಿ ಬೆಟ್ಟದಾಚೆ. ಸೋನುನ್‌ಳ ಹಿಟ್ಟು ಮುಟ್ಟಿದರೆ ಉಬ್ಬುತ್ತದೆ, ಬುರುಲ್‌ಳದ್ದು ಬೇಡಿಕೊಂಡರೂ ಏಳುವುದಿಲ್ಲ. ಸೋನುನ್‌ಳ ಗಂಡ ತೆಮಿರ್ ಕಲ್ಲಿದ್ದಲ ಲಾರಿ ಓಡಿಸಿ ಜರ್ಬಾಗಿದ್ದ. ಬುರುಲ್‌ಳ ಗಂಡ ಎಸೆನ್ ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತುತ್ತ, ಮನೆಗೆ ಬಂದರೆ ಠಸ್ಸೆಯಷ್ಟೂ ಸದ್ದು ಮಾಡದೆ ಕೂರುತ್ತಿದ್ದ.

ಆದರೆ ಒಂದು ವಿಷಯದಲ್ಲಿ ಬುರುಲ್‌ಳ ಕೈ ಮೇಲು. ಅವಳು ಕಿರಿಮಗನ ಹೆಂಡತಿ. ನಮ್ಮಲ್ಲಿ ತಾಯಿ ಇರುವುದು ಕಿರಿಮಗನ ಮನೆಯಲ್ಲಿ. ಹಬ್ಬಕ್ಕೆ ಜನ ಬರುವುದು ಆ ಮನೆಗೆ, ಕೊನೆಗೊಂದು ದಿನ ತಾಯಿಯ ಹೆಣ ಹೊರಡುವುದೂ ಆ ಬಾಗಿಲಿಂದಲೇ. ಅಮ್ಮ ಎನ್ನುವ ಅರ್ಥದಲ್ಲಿ ನಾವೆಲ್ಲ ಅಪಾ ಎಂದು ಕರೆಯುವ ಅತ್ತೆ ಕಲೀಚಾ ಇಪ್ಪತ್ತೆರಡು ವರ್ಷ ಬುರುಲ್‌ಳ ಮನೆಯಲ್ಲಿ ಕೂತು, ಅವಳ ಉಪ್ಪು ಹಾಕಿದ ಚಹಾ ಪಾತ್ರೆ ತೊಳೆದ ನೀರಿನಂತಿದೆ ಎಂದು ಬೈದಳು. ಬೈಯಲಿ. ಸೋನುನ್‌ಳ ಮನೆಯಲ್ಲಿ ಕೂತು ಬೈಯುತ್ತಿರಲಿಲ್ಲವಲ್ಲ! ಬುರುಲ್‌ಗೆ ಅಷ್ಟು ಸಾಕಾಗಿತ್ತು.

ಆ ವರ್ಷ ಚಳಿಗಾಲದ ಮೊದಲಲ್ಲೇ ಅಪಾಗೆ ಕೆಮ್ಮು ಹಿಡಿಯಿತು. ತೆಮಿರ್ ಲಾರಿ ತಂದ, ತಾಯಿಯನ್ನು ಎರಡು ಕೌದಿಯಲ್ಲಿ ಸುತ್ತಿದ, ಎತ್ತಿಕೊಂಡು ಹೊರಟೇಬಿಟ್ಟ.

"ಬಿಸಿ ಬರೋ ತನಕ ಅಷ್ಟೇ," ಎಂದ ಬಾಗಿಲಲ್ಲಿ. "ಈ ಐಸ್ ಪೆಟ್ಟಿಗೇಲಿ ಮುದುಕೀನ ಇಡೋದಾ?"

ಬುರುಲ್ ಬಾಗಿಲು ಹಿಡಿದು ದಾರಿ ಬಿಟ್ಟಳು. ಮನೆ ನಿಜಕ್ಕೂ ಐಸ್ ಪೆಟ್ಟಿಗೆಯೇ.

ನಮ್ಮೂರಿನ ಬಿಸಿ, ಬಾಯ್ಲರ್ ಮನೆಯಿಂದ ಕಾದ ನೀರಾಗಿ ಹೊರಟು, ಕೊಳವೆ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ನಡೆದು ಬರುತ್ತದೆ. ಮೊದಲ ಪಂಕ್ತಿಗೆ ಮಾಂಸ, ಕೊನೆಯ ಪಂಕ್ತಿಗೆ ಮೂಳೆ. ಹಾಗಾಗಬಾರದೆಂದೇ ಸರ್ಕಾರದ ಬಿಸಿ ಆಯೋಗದವರು ಪ್ರತಿ ಕಟ್ಟಡದ ನೆಲಮಾಳಿಗೆಯಲ್ಲಿ, ಕೊಳವೆ ಒಳಬರುವ ಕಡೆ, ಒಂದು ಕಬ್ಬಿಣದ ವಾಷರ್ ಕೂರಿಸಿದ್ದಾರೆ. ಮೊದಲ ಕಟ್ಟಡದ ವಾಷರ್‌ಗೆ ಸಣ್ಣ ತೂತು, ದೂರ ಹೋದಷ್ಟೂ ದೊಡ್ಡ ತೂತು. ಅದರ ಮೇಲೆ ಸೀಸದ ಮೊಹರು. ಆಯೋಗದ ಇನ್ಸ್‌ಪೆಕ್ಟರ್ ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ. ಆದರೆ ಮೊದಲ ಕಟ್ಟಡದವರು ತಮ್ಮ ವಾಷರನ್ನು ಎಂದೋ ಕಿತ್ತೆಸೆದು ಬಿಸಿಯನ್ನೆಲ್ಲ ತಾವೇ ನುಂಗುತ್ತಿದ್ದಾರೆಂದು ಊರಿಗೆಲ್ಲ ಗುಮಾನಿ. ಯಾರು ಕಿತ್ತದ್ದೆಂದು ಕೇಳಿ ನೋಡಿ, ಆ ಕಟ್ಟಡದಲ್ಲಿ ಯಾರಿಗೂ ಕೈಯೇ ಇಲ್ಲ! ಬುರುಲ್ ಇದ್ದದ್ದು ಕೊನೆಯ ಕಟ್ಟಡದಲ್ಲಿ. ಅಲ್ಲಿಯ ಕೋಣೆ ಕಾಯಿಸಬೇಕಾದ ರೇಡಿಯೇಟರ್ ಮೇಲೆ ಬೆಣ್ಣೆ ಇಟ್ಟರೆ ಬೆಣ್ಣೆಯಾಗಿಯೇ ಇರುತ್ತಿತ್ತು.

ಒಂದು ಭಾನುವಾರ ಅವಳು ಅತ್ತೆಯನ್ನು ನೋಡಲು ಹೋದಳು. ಬಾಗಿಲು ತೆರೆದ ಕೂಡಲೇ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಅಪಾ ಬರೀ ತೆಳು ಅಂಗಿಯಲ್ಲಿ, ಕೆನ್ನೆ ಕೆಂಪು ಮಾಡಿಕೊಂಡು, ರೇಡಿಯೇಟರ್‌ಗೆ ಬೆನ್ನು ಕೊಟ್ಟು ಕೂತಿದ್ದಳು.

"ಬಾ ಬಾ ಬುರುಲ್, ಕೋಟು ಬಿಚ್ಚು," ಎಂದಳು ಸೋನುನ್. "ಇಲ್ಲಿ ಕೋಟು ಹಾಕ್ಕೊಂಡ್ ಕೂತ್ರೆ ಬೆವರು ಕಿತ್ಕೊಂಡ್ ಬರತ್ತೆ."

"ಇರ್ಲಿ ಬಿಡಿ ಅಕ್ಕ, ನಂಗೆ ಅಭ್ಯಾಸ."

"ಮಲಗೋದೂ ಕೋಟಲ್ಲೇ ಅಂತಲ್ಲ ನೀವು. ಪಾಪ."

"ಪಾಪ ಯಾಕೆ? ಕೋಟು ನಮ್ದೇ. ಬೇರೆಯೋರ ಬಿಸಿ ಹೊದ್ಕೊಂಡು ಮಲಗ್ತಿಲ್ವಲ್ಲ."

ಸೋನುನ್ ನಕ್ಕಳು. ಆ ನಗೆಯೇ ಬುರುಲ್‌ಗೆ ಗಾಯದ ಮೇಲೆ ಉಪ್ಪು. "ನಮ್ ಕಟ್ಟಡಕ್ಕೆ ಹೋದ ವರ್ಷ ಇನ್ಸ್‌ಪೆಕ್ಟರೇ ಬಂದು ನೋಡ್ಕೊಂಡ್ ಹೋದ, ಗೊತ್ತಾ? ಕುಬಾನ್ ಅಂತ. ಕೋಟು ಬಿಚ್ಚಿ ಕೂತೋನು ನಾನ್ ಹಿಟ್ಟು ಕರಿದು ಮಾಡಿದ ಬೋರ್ಸೋಕ್ ತಿಂದು ತಿಂದು ಏಳಕ್ಕೇ ಆಗ್ಲಿಲ್ಲ. ಅಕ್ಕಾ, ಇಂಥ ಮನೆ ಊರಲ್ಲೇ ಇಲ್ಲ ಅಂದ. ನೆಲಮಾಳಿಗೆ ಬೀಗದ ಕೈ ಕೇಳೋದನ್ನೇ ಮರೆತ."

"ಏ, ಶುರು ಹಚ್ಕೋಬೇಡಿ ಇಬ್ರೂ," ಎಂದಳು ಅಪಾ. ಕೆಮ್ಮು ಬಂತು, ನುಂಗಿಕೊಂಡಳು. "ಬುರುಲ್, ಕೇಳಿಲ್ಲಿ. ನಾನು ಕಿರೀಮಗನ ತಾಯಿ. ದೊಡ್ಡೋನ ಬಾಗಿಲಿಂದ ನನ್ ಹೆಣ ಹೊರಟ್ರೆ ಜನ ನಿಮ್ಮಿಬ್ರ ಮುಖಕ್ಕೂ ಉಗೀತಾರೆ. ನಿನ್ ಮನೆ ಬೆಚ್ಚಗಾದ ದಿನ ಬಂದು ಕರ್ಕೊಂಡ್ ಹೋಗು." ಹಿಂದಕ್ಕೆ ಇನ್ನಷ್ಟು ಒರಗಿ ಹೇಳಿದಳು, "ಅಲ್ಲೀವರೆಗೂ ಇಲ್ಲಿ ಬೆನ್ನು ಬೆಚ್ಚಗಿದೆ."

ಆ ಕೊನೆಯ ಮಾತು ಬುರುಲ್‌ಳನ್ನು ಮನೆಯವರೆಗೂ ಸುಟ್ಟಿತು. ಬೆನ್ನು ಬೆಚ್ಚಗಿದೆಯಂತೆ! ಆ ಹೊಟ್ಟೆಯುರಿ ಕೊಳವೆಯಲ್ಲಿ ಹರಿದಿದ್ದರೆ ಕೊನೆಯ ಕಟ್ಟಡದ ಐದೂ ಮಹಡಿ ಬೆಚ್ಚಗಾಗುತ್ತಿತ್ತು. ಮಾರನೆಯ ದಿನವೇ ಅವಳು ಆಯೋಗಕ್ಕೆ ದೂರು ಕೊಟ್ಟಳು, ಅವಳನ್ನು ನೋಡಿ ಕಟ್ಟಡದ ಇನ್ನಷ್ಟು ಮನೆಯವರೂ ಕೊಟ್ಟರು.

ನಿಯಮ ಎಲ್ಲರಿಗೂ ಗೊತ್ತು. ಇನ್ಸ್‌ಪೆಕ್ಟರ್ ಬಂದು ಮನೆ ಅಳೆಯುತ್ತಾನೆ. ಹದಿನೆಂಟು ಡಿಗ್ರಿಗಿಂತ ಕಡಿಮೆ ಬಂದರೆ ಇಡೀ ಕೊಳವೆಸಾಲಿನ ಮೊಹರುಗಳನ್ನೆಲ್ಲ ತೆರೆದು ನೋಡಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಬುರುಲ್‌ಳ ಮನೆಯಲ್ಲಿ ಹನ್ನೊಂದು. ಇನ್ನೇನು ಬೇಕು? ಮೊದಲ ಕಟ್ಟಡದ ಕಳ್ಳತನ ಬಯಲಾಗುತ್ತದೆ, ಬಿಸಿ ಇತ್ತ ಹರಿಯುತ್ತದೆ, ಅಪಾ ಮನೆಗೆ ಬರುತ್ತಾಳೆ. ಗಂಡನ ಮುಂದೆ ಅವಳು ಆಗಲೇ ಗೆದ್ದವಳಂತೆ ಓಡಾಡಿದಳು.

ಆದರೆ ಬರುವವನು ಕುಬಾನ್. ಸೋನುನ್‌ಳ ಬೋರ್ಸೋಕ್ ತಿಂದು ಹೊಗಳಿದ ಕುಬಾನ್. ಬಾಗಿಲು ದಾಟಿ ಒಳಗೆ ಬಂದವನು ಇನ್ಸ್‌ಪೆಕ್ಟರಾದರೇನು, ಸಾಲ ಕೇಳುವವನಾದರೇನು, ಅತಿಥಿ. ಅತಿಥಿಯನ್ನು ಚಳಿಯಲ್ಲಿ ಕೂರಿಸಿದರೆ ನಮ್ಮಲ್ಲಿ ಏಳು ತಲೆಮಾರಿನ ಮಾನ ಹೋಗುತ್ತದೆ. ಬುರುಲ್ ಬೆಳಿಗ್ಗೆಯೇ ಎದ್ದಳು. ಕಡಾಯಿ ಇಟ್ಟು ಬೋರ್ಸೋಕ್ ಕರಿಯತೊಡಗಿದಳು. ಇನ್ನೊಂದು ಒಲೆಯ ಮೇಲೆ ಮಾಂಸ ಹುರಿದಳು. ತನ್ನ ಹೀಟರ್ ಹಚ್ಚಿದಳು, ಪಕ್ಕದ ಮನೆಯ ಜೂರಾಳ ಹೀಟರನ್ನೂ ತಂದು ಹಚ್ಚಿದಳು. ಹೀಟರ್ ಕಂಡರೆ ಅತಿಥಿ ಏನೆಂದುಕೊಂಡಾನು ಎಂದು ಎರಡನ್ನೂ ಪರದೆಯ ಹಿಂದೆ ಮರೆಮಾಡಿದಳು.

ಎಸೆನ್ ಬಾಗಿಲಲ್ಲಿ ನಿಂತು ಸುತ್ತ ನೋಡಿದ. "ಅಲ್ವೇ, ಮನೆ ಬೆಚ್ಚಗಾಗ್ತಿದೆ."

"ಆಗ್ಲಿ! ಅವಳ ಮನೇಲಿ ಕೋಟು ಬಿಚ್ಚಿ ಕೂತೋನು ನನ್ ಮನೇಲಿ ಕೋಟು ಹಾಕ್ಕೊಂಡ್ ಕೂರ್ಬೇಕಾ?"

"ಅಲ್ಲ, ಅವನು ಬರ್ತಿರೋದು ಯಾಕೆ ಅಂದ್ರೆ..."

"ಯಾಕೆ ಅಂತ ನಂಗೊತ್ತಿಲ್ವಾ? ರೇಡಿಯೇಟರ್ ಮುಟ್ತಾನೆ, ಅದು ಹೆಣದ ಕೈ ಥರ ಇದೆ, ಬರ್ಕೋತಾನೆ. ಅದಕ್ಕೂ ಇದಕ್ಕೂ ಏನು? ಹೋಗಿ ಕೆನೆ ತನ್ನಿ. ಒಳ್ಳೇದು ತನ್ನಿ, ಅವಳ ಮನೇಲಿ ತರೋ ಕಡೆಯಿಂದಲೇ."

ಎಸೆನ್ ಹೋದ. ಹೆಂಡತಿಯ ಮಾತು ತುಂಡರಿಸುವ ಅಭ್ಯಾಸ ಅವನಿಗಿರಲಿಲ್ಲ.

ಕುಬಾನ್ ಒಳಗೆ ಕಾಲಿಟ್ಟಾಗ ಅವನ ಕನ್ನಡಕ ಮಂಜಾಯಿತು. ಒರೆಸಿಕೊಂಡ, ಕೋಟು ಬಿಚ್ಚಿದ. ಬುರುಲ್ ಅವನನ್ನು ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕೂರಿಸಿ, ಬೋರ್ಸೋಕ್ ಸುರಿದು, ಚಹಾ ಕೊಟ್ಟಳು. ಅವನು ತಿಂದ, ಮತ್ತೆ ಹಾಕಿದರೆ ಮತ್ತೂ ತಿಂದ. ಸ್ವೆಟರ್‌ನ ಕತ್ತಿಗೆ ಬೆರಳು ಹಾಕಿ ಸಡಿಲಿಸಿಕೊಂಡ. ಅದನ್ನು ನೋಡಿ ಬುರುಲ್‌ಗೆ ಸ್ವರ್ಗಕ್ಕೆ ಮೂರೇ ಗೇಣು.

"ಬೇರೆ ಮನೆಗಳಲ್ಲೂ ಹೀಗೇ ನೋಡ್ಕೋತಾರೇನೋ ತಮ್ಮಾ ನಿನ್ನ," ಎಂದಳು, ಕೇಳಿಯೂ ಕೇಳದವಳಂತೆ.

"ಎಲ್ಲಿ ಬಂತಕ್ಕಾ! ಮೊದಲ ಕಟ್ಟಡದಲ್ಲಿ ಒಂದ್ ಮನೇಲಿ ಚೆನ್ನಾಗಿ ಕೊಟ್ಟಿದ್ರು. ಆದ್ರೆ ಇದು ಅದಕ್ಕಿಂತ ಒಂದ್ ಕೈ ಮೇಲು."

ಒಂದು ಕೈ ಮೇಲು! ಈ ಮಾತನ್ನು ಸೋನುನ್‌ಳ ಕಿವಿಗೆ ಯಾವ ದಾರಿಯಲ್ಲಿ ಮುಟ್ಟಿಸಲಿ ಎಂದು ಬುರುಲ್ ಲೆಕ್ಕ ಹಾಕುತ್ತಿದ್ದಾಗ ಕುಬಾನ್ ಚೀಲದಿಂದ ಥರ್ಮಾಮೀಟರ್ ತೆಗೆದ. ಕೋಣೆಯ ನಡುವೆ ಕುರ್ಚಿ ಎಳೆದು ಅದರ ಬೆನ್ನಿಗೆ ತೂಗುಹಾಕಿದ. ಇನ್ನೊಂದು ಬಟ್ಟಲು ಚಹಾ ಕುಡಿದ. ಎದ್ದು ನೋಡಿದ.

"ಹತ್ತೊಂಬತ್ತು."

"ಏನು ಹತ್ತೊಂಬತ್ತು?"

"ಡಿಗ್ರಿ ಅಕ್ಕಾ. ಬೇಕಾಗಿದ್ದಕ್ಕಿಂತ ಒಂದು ಜಾಸ್ತೀನೇ ಇದೆ."

"ರೇಡಿಯೇಟರ್ ಮುಟ್ಟಿ ನೋಡಪ್ಪಾ!"

"ರೇಡಿಯೇಟರ್ ಮುಟ್ಟು ಅಂತ ನಿಯಮದಲ್ಲಿಲ್ಲ. ಕೋಣೆ ನಡುವೆ ಅಳೆಯೋದಷ್ಟೇ ನನ್ ಕೆಲಸ." ಅವನು ಪಾಪ ಮುಟ್ಟಿಯೂ ನೋಡಿದ. ಹುಬ್ಬೇರಿಸಿದ. "ತಣ್ಣಗಿದೆ. ಆದ್ರೂ ಮನೆ ಬೆಚ್ಚಗಿದೆಯಲ್ಲಕ್ಕಾ? ಹೇಗೆ?"

ಅವನು ಕೇಳಿಯೇ ಕೇಳಿದ. ಒಂದು ಮಾತು ಸಾಕಿತ್ತು. ನಿನಗೋಸ್ಕರ ಬೆಳಿಗ್ಗೆಯಿಂದ ಕಾಯಿಸಿದೆ ಎಂದರೆ ಮುಗಿಯುತ್ತಿತ್ತು. ಆದರೆ ನಿನ್ನಿಂದ ನನಗೆ ಇಷ್ಟು ಕಷ್ಟವಾಯಿತು ಎಂದು ಉಣ್ಣುವ ಅತಿಥಿಯ ಮುಖಕ್ಕೆ ಹೇಳುವ ನಾಲಿಗೆ ನಮ್ಮ ಹೆಂಗಸರಿಗಿಲ್ಲ. ಅದೂ ಒಂದು ಕೈ ಮೇಲು ಎಂದ ಅತಿಥಿಗೆ! ಬುರುಲ್ ಎಸೆನ್‌ನ ಕಡೆ ನೋಡಿದಳು. ಎಸೆನ್ ಕೆನೆಯ ಬಟ್ಟಲಿನ ಕಡೆ ನೋಡಿದ. ಕುಬಾನ್ ಹತ್ತೊಂಬತ್ತು ಎಂದು ಬರೆದ, ಬುರುಲ್ ಸಹಿ ಹಾಕಿದಳು, ನೆರೆಯವಳಾಗಿ ಜೂರಾ ಸಹಿ ಹಾಕಿದಳು. ಅಟ್ಟ ಮೇಲೆ ಒಲೆ ಉರಿಯಿತು ಅಂತ ಗಾದೆ. ಇಲ್ಲಿ ಒಲೆ ಉರಿದೇ ಎಲ್ಲ ಕೆಟ್ಟಿತು.

ಸುದ್ದಿಗೆ ಕಾಲಿರುತ್ತದೆ. ವಾರ ತುಂಬುವುದರೊಳಗೆ ತೆಮಿರ್‌ನ ಲಾರಿ ಕೊನೆಯ ಕಟ್ಟಡದ ಮುಂದೆ ನಿಂತಿತು. ಕೌದಿಯ ಗಂಟಿನಂತೆ ಅಪಾ ಇಳಿದಳು, ಹಿಂದೆ ಸೋನುನ್.

"ಸರ್ಕಾರಾನೇ ಹತ್ತೊಂಬತ್ತು ಅಂದ್ಮೇಲೆ ನಾವಿನ್ನೂ ಇಟ್ಕೊಂಡ್ರೆ ಕಿರೀಮಗನ ಮನೆ ಮರ್ಯಾದೆ ಏನಾಗತ್ತೆ ಹೇಳು," ಎಂದಳು ಸೋನುನ್. ಮಾತು ಜೇನಿನಂತಿತ್ತು, ಕಣ್ಣು ಮಾತ್ರ ಮನೆಯ ಮೂಲೆಮೂಲೆಯನ್ನೂ ಕೆದಕುತ್ತಿತ್ತು.

ಬಾಗಿಲಿಗೆ ಬಂದ ತಾಯಿಯನ್ನು ಬೇಡ ಎನ್ನಲಾಗುತ್ತದೆಯೇ? ಅಲ್ಲದೆ, ನಿಜ ಹೇಳಬೇಕೆಂದರೆ, ಬುರುಲ್‌ಗೆ ಒಳಗೊಳಗೇ ಖುಷಿ. ಹೇಗಾದರಾಗಲಿ, ಅಪಾ ಬಂದಳು. ಲಾರಿಯ ಸದ್ದಿಗೇ ಅವಳು ಹೀಟರ್ ಹಚ್ಚಿದ್ದಳು. ಸೋನುನ್ ಮೂಗು ಮುರಿಯಲು ಏನೂ ಸಿಗದೆ ಹೋದಳು.

ಆದರೆ ಹೀಟರ್ ಎಷ್ಟು ಹೊತ್ತು ಉರಿದೀತು? ಸಂಜೆಯಾದರೆ ಕಟ್ಟಡದವರೆಲ್ಲ ಹಚ್ಚುತ್ತಾರೆ, ಫ್ಯೂಸ್ ಹೋಗುತ್ತದೆ. ಅಪಾ ಕೋಟಿನ ಮೇಲೆ ಶಾಲು, ಶಾಲಿನ ಮೇಲೆ ಕೌದಿ ಹೊದ್ದು ಕೂತಳು. ಚಹಾ ಸರಿಯಿಲ್ಲ ಎಂದು ಬೈಯಲಿಲ್ಲ. ಅದೇ ಬುರುಲ್‌ಗೆ ಭಯ ಹುಟ್ಟಿಸಿತು.

ಒಂದು ಮಧ್ಯಾಹ್ನ ಮೊದಲ ಕಟ್ಟಡದ ಇಬ್ಬರು ಮುದುಕಿಯರು ಅಪಾಳನ್ನು ನೋಡಲು ಬಂದರು. ನೋಡಲು ಎಂದರೆ, ಮನೆ ಎಷ್ಟು ತಣ್ಣಗಿದೆಯೆಂದು ನೋಡಲು. ಅವರ ದನಿ ಮೆಟ್ಟಿಲಲ್ಲಿ ಕೇಳಿದ ಕೂಡಲೇ ಅಪಾ ಕೌದಿ ತಳ್ಳಿದಳು, ಶಾಲು ತೆಗೆದಳು, ಕೋಟನ್ನೂ ಬಿಚ್ಚಿ ಬುರುಲ್‌ಳ ಕೈಗೆ ತುರುಕಿದಳು. ತೆಳು ಅಂಗಿಯಲ್ಲಿ ನೆಟ್ಟಗೆ ಕೂತು, ತಲೆವಸ್ತ್ರದ ತುದಿಯಿಂದ ಗಾಳಿ ಬೀಸಿಕೊಂಡಳು.

"ಬನ್ನಿ, ಕೂತ್ಕೊಳ್ಳಿ. ಉಸ್ಸಪ್ಪಾ, ಸೆಖೆ ಸೆಖೆ! ಕಿರೀಸೊಸೆ ಮನೆ ಬಿಸಿ ತಡ್ಯಕ್ಕಾಗ್ತಿಲ್ಲ ಕಣ್ರೇ. ಅವಳ ಚಹಾ ಕುಡೀರಿ. ಇಂಥ ಚಹಾ ಈ ಊರಲ್ಲಿ ಯಾರೂ ಮಾಡಲ್ಲ."

ಮುದುಕಿಯರು ತಮ್ಮ ಕೋಟುಗಳೊಳಗೆ ನಡುಗುತ್ತ ಚಹಾ ಕುಡಿದು, ಹೌದು ಹೌದು ಸೆಖೆ ಎಂದು ಹೋದರು. ಬಾಗಿಲು ಮುಚ್ಚಿದ ಮೇಲೆ ಬುರುಲ್ ಓಡಿಬಂದು ಕೋಟು ಹೊದಿಸಿದಳು. ಅಪಾಳ ತುಟಿ ನೀಲಿಯಾಗಿತ್ತು. ಬಟ್ಟಲು ಹಲ್ಲಿಗೆ ತಾಗಿ ಕಟಕಟ ಎನ್ನುತ್ತಿತ್ತು.

"ಯಾಕೆ ಅಪಾ ಹಿಂಗ್ ಮಾಡಿದ್ರಿ?"

"ಮತ್ತೇನ್ ಮಾಡ್ಲಿ? ನನ್ ಮನೆ ತಣ್ಣಗಿದೆ ಅಂತ ಊರಿಗೆಲ್ಲ ಸಾರ್ಲಾ?"

ನನ್ನ ಮನೆ ಎಂದಳು. ಇಪ್ಪತ್ತೆರಡು ವರ್ಷ ಬುರುಲ್ ಕಾದದ್ದು ಇದಕ್ಕೇ. ನಾಲ್ಕು ಜನರ ಮುಂದೆ ಅತ್ತೆ ತನ್ನ ಚಹಾ ಹೊಗಳಬೇಕು, ಅದು ಸೋನುನ್‌ಳ ಕಿವಿಗೆ ಬೀಳಬೇಕು. ಈಗ ಹೊಗಳಿದ್ದಾಳೆ, ಸಂಜೆಯೊಳಗೆ ಸೋನುನ್‌ಗೆ ಮುಟ್ಟುತ್ತದೆ. ಆದರೆ ಆ ನೀಲಿ ತುಟಿ ನೋಡಿ 'ಗೆದ್ದೆ' ಎಂದುಕೊಳ್ಳುವುದು ಹೇಗೆ? ನುಂಗಲಾರದ ಬಿಸಿತುಪ್ಪವಾಯಿತು. ಅಪಾಳನ್ನು ಮತ್ತೆ ಸೋನುನ್‌ಳ ಮನೆಗೆ ಕಳಿಸಿದರೆ ತಾನು ಸೋತಂತೆ. ಕಳಿಸದಿದ್ದರೆ ಆ ಹೆಣ ಬೇಗನೆ ತನ್ನ ಬಾಗಿಲಿಂದಲೇ ಹೊರಡುತ್ತದೆ. ಬುರುಲ್ ಎರಡು ದಿನ ಒದ್ದಾಡಿದಳು. ಹೇಳಲು ನಾಚಿಕೆಯಾದರೂ ಹೇಳಬೇಕು, ಎರಡು ದಿನ.

ಮೂರನೆಯ ದಿನ ಊರಿನ ಸಭಾಭವನದಲ್ಲಿ ಬಿಸಿ ಆಯೋಗದ ಅಹವಾಲು ಸಭೆ. ಹೊಸ ದರ ನಿಗದಿ ಮಾಡುವ ಮೊದಲು ಜನರ ಮಾತು ಕೇಳಬೇಕೆಂದು ಕಾನೂನು. ರಾಜಧಾನಿಯಿಂದ ಬಂದ ಬೋಳುತಲೆಯ ಅಧಿಕಾರಿ ಓದಿದ, "ಕೊನೆಯ ಕಟ್ಟಡದಲ್ಲಿ ಅಳತೆ ಮಾಡಿದ ಎಲ್ಲ ಮನೆಗಳಲ್ಲೂ ಹದಿನೆಂಟಕ್ಕಿಂತ ಹೆಚ್ಚು ಶಾಖವಿದೆ. ದಾಖಲೆಯ ಪ್ರಕಾರ ಅದು ಊರಿನಲ್ಲೇ ಬೆಚ್ಚಗಿನ ಕಟ್ಟಡ. ಆದ್ದರಿಂದ ಕೊಳವೆಸಾಲಿನ ತಪಾಸಣೆ ಅಗತ್ಯವಿಲ್ಲ."

ಮೊದಲ ಕಟ್ಟಡದವರು ಚಪ್ಪಾಳೆ ಹೊಡೆದರು. ಎರಡನೇ ಸಾಲಿನಲ್ಲಿ ಸೋನುನ್ ಕೂತಿದ್ದಳು. ಬುರುಲ್ ಎದ್ದು ನಿಂತಳು. ಬಾಯಿ ಎಂದಿನಂತೆ ಗಟ್ಟಿಯಾಗಿತ್ತು.

"ಸ್ವಾಮೀ, ಆ ಹತ್ತೊಂಬತ್ತು ನನ್ ಮನೇದಲ್ಲ. ಕಡಾಯಿದು. ಅತಿಥಿ ಬರ್ತಾನೆ ಅಂತ ಬೋರ್ಸೋಕ್ ಕರೀತಾ ಬೆಳಿಗ್ಗೆಯಿಂದ ಮನೆ ಕಾಯಿಸ್ದೆ. ಪರದೆ ಹಿಂದೆ ಎರಡು ಹೀಟರ್ ಬಚ್ಚಿಟ್ಟಿದ್ದೆ. ನನ್ ವಾರಗಿತ್ತಿ ಮನೇಲಿ ಕೋಟು ಬಿಚ್ಚಿ ತಿಂದೋನು ನನ್ ಮನೇಲೂ ಕೋಟು ಬಿಚ್ಚಿ ತಿನ್ಲಿ ಅಂತ, ಹೊಟ್ಟೆಕಿಚ್ಚಿಗೆ. ನಿಜವಾಗ್ಲೂ ಇರೋದು ಹನ್ನೊಂದು."

ಸಭೆಯಲ್ಲಿ ನಗೆ ಎದ್ದಿತು. ಬುರುಲ್‌ಳ ಕಿವಿ ಕೆಂಡವಾಯಿತು. ನಗು ಇಳಿಯುವ ಮೊದಲೇ ಹಿಂದಿನಿಂದ ಜೂರಾ ಎದ್ದಳು. "ನಾನೂ ಓವನ್ ಹಚ್ಚಿ ಸಮೋಸ ಬೇಯಿಸಿದ್ದೆ, ಸ್ವಾಮೀ. ಅದರ ಬಾಗಿಲು ತೆಗೆದೇ ಇಟ್ಟಿದ್ದೆ."

"ನಾವು ಕುರಿ ಕಡಿದಿದ್ವಿ," ಎಂದ ಅದೇ ಕಟ್ಟಡದ ಒಬ್ಬ ಗಡ್ಡದ ಮುದುಕ. "ಅತಿಥಿನ ಸುಮ್ನೆ ಕಳ್ಸೋದಾ?"

ಒಬ್ಬೊಬ್ಬರೇ ಏಳತೊಡಗಿದರು. ಕೊನೆಯ ಕಟ್ಟಡದ ದೂರು ಕೊಟ್ಟ ಒಂದು ಮನೆಯೂ ಬಿಡದೆ ಎಲ್ಲರೂ ಕುಬಾನ್‌ಗೆ ಮನೆ ಕಾಯಿಸಿ ಉಣ್ಣಿಸಿದ್ದರು! ಅಧಿಕಾರಿ ಕುಬಾನ್‌ನ ಕಡೆ ತಿರುಗಿದ. "ಎಲ್ಲಾ ಕಡೆ ತಿಂದ್ಯೇನೋ?"

"ತಿಂದೆ ಸಾರ್. ಬೇಡ ಅನ್ನಕ್ಕಾಗತ್ತಾ?"

ಅಧಿಕಾರಿಯೂ ನಮ್ಮವನೇ. ಬೇಡ ಎನ್ನಲಾಗುವುದಿಲ್ಲವೆಂದು ಅವನಿಗೂ ಗೊತ್ತು. ಬೋಳುತಲೆ ಒರೆಸಿಕೊಂಡು, ಹೊಸದಾಗಿ ಅಳೆಯಬೇಕು, ಹೇಳದೆ ಹೋಗಬೇಕು, ಬಾಗಿಲು ದಾಟಿದ ಮೇಲೆ ನೀರನ್ನೂ ಕುಡಿಯಕೂಡದು ಎಂದು ಬರೆಸಿದ.

ಬುರುಲ್ ಇನ್ನೂ ಕೂತಿರಲಿಲ್ಲ. ಅವಳ ಕಷ್ಟದ ಮಾತು ಇನ್ನೂ ಬಾಕಿಯಿತ್ತು. ಸೋನುನ್‌ಳ ಬೆನ್ನು ನೋಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದಳು, "ಅಕ್ಕಾ, ಬಿಸಿ ಬರೋವರೆಗೂ ಅಪಾನ ನೀವೇ ಇಟ್ಕೊಳ್ಳಿ. ನನ್ ಮನೆ ತಣ್ಣಗಿದೆ."

ಸೋನುನ್ ತಿರುಗಿ ನೋಡಿದಳು. ಕುಟುಕುತ್ತಾಳೆಂದು ಬುರುಲ್ ಕಾದಳು. ಅವಳು ಸರಿ ಎಂಬಂತೆ ತಲೆಯಾಡಿಸಿದಳು, ಅಷ್ಟೇ.

ಕುಬಾನ್ ಎರಡನೇ ಸಲ ಬಂದಾಗ ಬುರುಲ್ ಅವನಿಗೆ ಕೂರು ಎನ್ನಲಿಲ್ಲ. ಥರ್ಮಾಮೀಟರ್ ತೂಗುತ್ತಿದ್ದಷ್ಟು ಹೊತ್ತೂ ಅಡುಗೆಮನೆಯಲ್ಲಿ ಖಾಲಿ ಕೆಟಲನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹೆರಿಗೆನೋವು ಇದಕ್ಕಿಂತ ವಾಸಿ ಎಂದು ಆಮೇಲೆ ಜೂರಾಳ ಹತ್ತಿರ ಹೇಳಿದಳು. ಹನ್ನೊಂದೇ ಬಂತು. ಕೊಳವೆಸಾಲು ತೆರೆದರು. ಮೊದಲ ಕಟ್ಟಡದ ನೆಲಮಾಳಿಗೆಯಲ್ಲಿ ವಾಷರ್ ಇರಬೇಕಾದಲ್ಲಿ ಬರೀ ಬಾಯಿ. ಯಾರು ಕಿತ್ತದ್ದೆಂದು ಯಾರೂ ಕೇಳುವ ಮೊದಲೇ ಆ ಕಟ್ಟಡದ ನಾಲ್ಕು ಗಂಡಸರು ನಾವಲ್ಲ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ. ಹೊಸ ವಾಷರ್ ಕೂತಿತು, ಹೊಸ ಮೊಹರು ಬಿತ್ತು. ಒಂದು ಬೆಳಿಗ್ಗೆ ಬುರುಲ್‌ಳ ರೇಡಿಯೇಟರ್ ಹೊಟ್ಟೆಯಲ್ಲಿ ಗುಳುಗುಳು ಸದ್ದಾಯಿತು. ಅವಳು ಕೈ ಇಟ್ಟಳು, ಸುಟ್ಟಿತು, ತೆಗೆಯಲಿಲ್ಲ.

ಅಪಾಳನ್ನು ಕರೆತರಲು ಹೋದ ದಿನ ಸೋನುನ್ ಸ್ವೆಟರ್ ಹಾಕಿಕೊಂಡು ಕೌದಿಗಳನ್ನು ಕಟ್ಟುತ್ತಿದ್ದಳು. ಅವಳ ಮನೆಯಲ್ಲೀಗ ಸರಿಯಾಗಿ ಹದಿನೆಂಟು. ಬುರುಲ್ ಅದನ್ನು ನೋಡಿ ಒಳಗೇ ಸುಖಪಟ್ಟಳು.

"ತಗೊಂಡ್ ಹೋಗು," ಎಂದಳು ಸೋನುನ್, ಹಗ್ಗವನ್ನು ಬಿಗಿಯಾಗಿ ಎಳೆದು. "ನಂಗೂ ಸಾಕಾಗಿದೆ."

"ಏನ್ ಸಾಕಾಗಿದೆ ಅಕ್ಕಾ?"

"ಅಪಾ ಬಾಯಲ್ಲಿ ನಿನ್ ಹೆಸ್ರು ಕೇಳಿ ಕೇಳಿ! ಮಾಂಸ ಬಡಿಸಿದ್ರೆ, ಬುರುಲ್ ಏನ್ ತಿಂದ್ಲೋ. ಚಹಾ ಕೊಟ್ರೆ, ಬುರುಲ್ ಇದಕ್ಕೆ ಉಪ್ಪು ಸರಿಯಾಗಿ ಹಾಕ್ತಾಳೆ. ನನ್ ಬಿಸೀಲಿ ಕೂತ್ಕೊಂಡು ನಿಂಗೆ ಚಳಿ ಅಂತ ಅಳೋದು. ನಿನ್ ಹತ್ರ ಇಪ್ಪತ್ತೆರಡು ವರ್ಷ ಇದ್ರು, ನನ್ ಹತ್ರ ಒಂದ್ ಚಳಿಗಾಲ. ಆ ಒಂದೂ ನಂಗೆ ಸಿಗ್ಲಿಲ್ಲ."

ಬುರುಲ್‌ಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹೊಟ್ಟೆಯೊಳಗೆ ಬಿಸಿ ಸಾರು ಇಳಿದಂತಾಯಿತು. "ಇನ್ನೂ ಏನೇನಂದ್ರು?" ಎಂದು ಕೇಳಿದಳು, ನಾಚಿಕೆಯಿಲ್ಲದೆ. ಸೋನುನ್ ಕೌದಿಯ ಗಂಟನ್ನು ಅವಳ ತೋಳಿಗೆ ತಳ್ಳಿದಳು.

ಲಾರಿಯಲ್ಲಿ ಅಪಾ ಸೊಸೆಗೆ ಒರಗಿ ಕೂತಳು. ಲಾರಿ ಹೊರಟ ಮೇಲೆ ಹಿಂತಿರುಗಿ ನೋಡಿ, ಎಂಜಿನ್ ಸದ್ದಿನ ನಡುವೆ ಅವಳ ಕಿವಿಯಲ್ಲಿ ಹೇಳಿದಳು, "ಸೋನುನ್ ಮನೆ ತಣ್ಣಗಾಯ್ತಲ್ಲೇ, ಪಾಪ. ಅವಳ ಬೆರಳಿಗೆ ಚಳಿ ತಡ್ಯಕ್ಕಾಗಲ್ಲ. ಸಣ್ಣವಳಿದ್ದಾಗ ಬಂದೋಳು, ನನ್ ಮಗಳ ಥರ ಬೆಳೆದ್ಲು. ಅವಳಿಗೊಂದ್ ಜೊತೆ ಕೈಗವಸು ಹೆಣೀಬೇಕು." ಕಣ್ಣೊರೆಸಿಕೊಂಡಳು.

ಬುರುಲ್‌ಳ ಹೊಟ್ಟೆ ಮತ್ತೆ ಧಗ್ ಎಂದಿತು. ಈ ಮಾತು ಮುಟ್ಟಿಸಿದರೆ ಸೋನುನ್‌ಳ ಎದೆ ತಣ್ಣಗಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಟ್ಟಿಸಲಿಲ್ಲ. ಕೈಗವಸು ಹೆಣೆಯಲು ಉಣ್ಣೆ ಕೇಳಿದಾಗಲೆಲ್ಲ, ಅಂಗಡಿಯಲ್ಲಿ ಮುಗಿದಿದೆ ಅಪಾ ಎಂದಳು.

ಅಪಾ ಅದರ ಮುಂದಿನ ವರ್ಷ ಹಿಮ ಕರಗುವ ಹೊತ್ತಿಗೆ, ಬೆಚ್ಚಗಿನ ಕೋಣೆಯಲ್ಲಿ, ಬುರುಲ್‌ಳ ಚಹಾ ಬೈದು ಮಲಗಿದವಳು ಏಳಲಿಲ್ಲ. ಕೊನೆಯ ಕಟ್ಟಡದ ಅಂಗಳದಲ್ಲಿ ಹೆಣ ಇರಿಸಲು ಉಣ್ಣೆಯ ಗುಡಾರ ಎದ್ದಿತು. ಗಂಡುಮಕ್ಕಳು ಹೊರಗೆ ಕೋಲೂರಿ ಬಾಗಿ ಅತ್ತರು. ಸೊಸೆಯಂದಿರು ಒಳಗೆ ಬಾಗಿಲಿಗೆ ಬೆನ್ನು ಮಾಡಿ ಕೂತು, ನಮ್ಮ ಪದ್ಧತಿಯಂತೆ ಹಾಡಿ ಅಳಬೇಕು. ಊರೇ ಬುರುಲ್‌ಳ ಬಾಗಿಲಿಗೆ ಬಂದಿತ್ತು. ಅವಳು ಬಯಸಿದ್ದೆಲ್ಲ ಆಗಿತ್ತು.

ಸೋನುನ್ ಹಾಡಿಕೊಂಡು ಅತ್ತಳು: ಅಪಾ, ನಿನಗೆ ನನ್ನ ಬಿಸಿ ಕೊಟ್ಟೆ, ನನ್ನ ಮೆತ್ತನೆ ಕೊಟ್ಟೆ, ನಿನ್ನ ಬಾಯಲ್ಲಿ ನನ್ನ ಹೆಸರು ಒಂದು ದಿನವೂ ಬರಲಿಲ್ಲ. ಹಾಡುವವರು ಏನೋ ಒಂದು ಹಾಡುತ್ತಾರೆ, ಜನ ಅಷ್ಟಾಗಿ ಕಿವಿಗೊಡುವುದಿಲ್ಲ. ಬುರುಲ್‌ಗೆ ಮಾತ್ರ ಪ್ರತಿ ಅಕ್ಷರವೂ ಕೇಳಿಸಿತು. ಹಾಗೇ ಬಿಟ್ಟರೆ ಇನ್ನು ಹೇಳುವವರು ಯಾರೂ ಇಲ್ಲ. ತಾನೊಬ್ಬಳೇ ಬಲ್ಲ ಮಾತು, ತನ್ನ ಜೊತೆಗೇ ಹೋಗುತ್ತದೆ. ಅವಳು ದನಿ ಎತ್ತಿದಳು, ಇಡೀ ಗುಡಾರಕ್ಕೆ ಕೇಳುವಂತೆ ಹಾಡಿದಳು: ಅಪಾ, ಸೋನುನ್‌ಳ ಬೆರಳಿಗೆ ಚಳಿ ಎಂದು ಕಣ್ಣೀರಿಟ್ಟೆಯಲ್ಲ, ನನ್ನ ಮಗಳಂತೆ ಬೆಳೆದಳು ಎಂದೆಯಲ್ಲ, ಅವಳಿಗೆ ಕೈಗವಸು ಹೆಣೆಯಲು ಉಣ್ಣೆ ಕೇಳಿದೆಯಲ್ಲ, ನಾನು ತಂದುಕೊಡಲಿಲ್ಲವಲ್ಲ.

ಸೋನುನ್‌ಳ ಹಾಡು ಅರ್ಧಕ್ಕೇ ನಿಂತಿತು. ಅವಳು ಬುರುಲ್‌ಳ ಮಣಿಕಟ್ಟು ಹಿಡಿದಳು, ಉಗುರು ನಾಟುವಂತೆ.

"ಯಾವತ್ತು ಅಂದ್ರು?"

"ಆವತ್ತೇ. ಲಾರೀಲಿ."

"ಇಷ್ಟು ದಿನ ನಿನ್ ಹತ್ರಾನೇ ಇಟ್ಕೊಂಡಿದ್ಯಾ?"

"ಇಟ್ಕೊಂಡಿದ್ದೆ."

ಸೋನುನ್ ಕೈ ಬಿಡಲಿಲ್ಲ.

"ನಾನಾಗಿದ್ರೆ ಸಾಯೋವರೆಗೂ ಹೇಳ್ತಿರ್ಲಿಲ್ಲ," ಎಂದಳು.

ಹೊರಗೆ ಇನ್ನೊಂದು ಗುಂಪು ಅಳುತ್ತ ಬರುವುದು ಕೇಳಿಸಿತು. ಇಬ್ಬರೂ ತಲೆವಸ್ತ್ರ ಸರಿಮಾಡಿಕೊಂಡು ಮತ್ತೆ ಹಾಡು ಎತ್ತಿದರು.